ನಾಲ್ಕು ಸ್ಟಿಕ್, 192 ಜಿಬಿ: ಎಸ್‌ಪಿ ರೋಡ್‌ನ ಒಂದು ಅಂಗಡಿ, ಒಂದು ಮೆಮೊರಿ ಕಿಟ್

ಕಂಪ್ಯೂಟರ್ ಮೆಮೊರಿ ಸ್ಟಿಕ್‌ಗಳ (ರ‍್ಯಾಮ್) ಡಬ್ಬದ ಮೇಲೆ 6000, ಅಂದರೆ ಸೆಕೆಂಡಿಗೆ ಅಷ್ಟು ಮಿಲಿಯನ್ ಸಲ ಡೇಟಾ ಸಾಗಿಸುತ್ತದೆ, ಎಂದು ಬರೆದಿದೆ ಅಂತ ಆ ಸ್ಪೀಡ್ ಸಿಕ್ಕೇ ಸಿಗುತ್ತದೆ ಎಂದು ನಂಬಿ ದುಡ್ಡು ಎಣಿಸಬೇಡಿ. ಎರಡು ಸ್ಟಿಕ್ ಹಾಕುವವರಿಗೆ ಬಹುಮಟ್ಟಿಗೆ ಸಿಗುತ್ತದೆ. ನಾಲ್ಕು ಹಾಕಿ ದೊಡ್ಡ ಮೆಮೊರಿ ಮಾಡಿಕೊಳ್ಳುವವರ ಕಥೆಯೇ ಬೇರೆ. ನಾನು 48 ಜಿಬಿಯ ನಾಲ್ಕು ಸ್ಟಿಕ್, ಅಂದರೆ ಒಟ್ಟು 192 ಜಿಬಿ ಹಾಕಿಸಿದ್ದೇನೆ. ಅದು ಈಗ 5200ರಲ್ಲಿ ಒಂದು ಎರರ್ ಕೂಡ ಇಲ್ಲದೆ ಓಡುತ್ತಿದೆ. ಕಿಟ್ ಚೆನ್ನಾಗಿದೆ, ನಿಜ. ಆದರೆ ಅದು ಹೀಗೆ ನೆಟ್ಟಗೆ ನಿಂತಿದ್ದಕ್ಕೆ ಎಸ್‌ಪಿ ರೋಡ್‌ನ ಒಂದು ಸಣ್ಣ ಅಂಗಡಿಯೂ ಅಷ್ಟೇ ಕಾರಣ. ಹಾಗಾಗಿ ಎರಡರ ಬಗ್ಗೆಯೂ ಬರೆಯುತ್ತಿದ್ದೇನೆ.

ಅಷ್ಟೊಂದು ರ‍್ಯಾಮ್ ಯಾಕೆ ಅಂತ ಕೇಳಬಹುದು. ನನ್ನದು ಡ್ರೋನ್ ಸರ್ವೆ ಕೆಲಸ. ಕಲ್ಲು ಕ್ವಾರಿ, ಹೊಸ ಲೇಔಟ್, ಕೆರೆ ಅಂಗಳ ಇಂಥವುಗಳ ಮೇಲೆ ಡ್ರೋನ್ ಹಾರಿಸಿ, ಸಾವಿರಾರು ಫೋಟೋ ತೆಗೆದು, ಅವನ್ನು ಮೆಟಾಶೇಪ್ ಸಾಫ್ಟ್‌ವೇರ್‌ಗೆ ಹಾಕಿ ಮೂರು ಆಯಾಮದ ನಕ್ಷೆ ಮಾಡುತ್ತೇನೆ. ಕ್ವಾರಿಯಿಂದ ಎಷ್ಟು ಕಲ್ಲು ಹೋಗಿದೆ ಎಂಬ ಲೆಕ್ಕ ಆ ನಕ್ಷೆಯಿಂದ ಬರುತ್ತದೆ. ಆ ಲೆಕ್ಕದ ಮೇಲೆ ಜನ ದುಡ್ಡು ಕೊಡುತ್ತಾರೆ, ಜಗಳವನ್ನೂ ಆಡುತ್ತಾರೆ. ಹಳೆಯ ಸಿಸ್ಟಂನಲ್ಲಿ 64 ಜಿಬಿ ಇತ್ತು. ದೊಡ್ಡ ಕೆಲಸ ಬಂದರೆ ರ‍್ಯಾಮ್ ತುಂಬಿ, ಉಳಿದದ್ದು ಎಸ್‌ಎಸ್‌ಡಿಗೆ ಹರಿದು, ಮೆಷಿನ್ ತೆವಳಲು ಶುರು ಮಾಡುತ್ತಿತ್ತು.

ರ‍್ಯಾಮ್ ಕಡಿಮೆ ಇದ್ದರೆ ಕೆಲಸ ನಿಧಾನ ಆಗುತ್ತದೆ, ಅಷ್ಟೇ. ರ‍್ಯಾಮ್ ತಪ್ಪು ಮಾಡಿದರೆ ಮಾತ್ರ ಭಯ. ರಾತ್ರಿಯಿಡೀ ಓಡಿ ಬೆಳಿಗ್ಗೆ ಕ್ರ್ಯಾಶ್ ಆದರೆ ಕನಿಷ್ಠ ಗೊತ್ತಾದರೂ ಆಗುತ್ತದೆ. ಕ್ರ್ಯಾಶ್ ಆಗದೆ, ಸುಮ್ನೆ ಒಂದು ಬಿಟ್ ಅದಲು ಬದಲಾಗಿ, ಕೆಟ್ಟ ಸಂಖ್ಯೆ ಫೈಲಿನೊಳಗೆ ಸೇರಿಕೊಂಡರೆ? ಆ ನಕ್ಷೆಗೆ ನಾನು ಸಹಿ ಹಾಕಿ ಕೊಡುವವಳು. ಅದಕ್ಕೇ ಮೊದಲು ಸ್ಥಿರತೆ, ಆಮೇಲೆ ಸ್ಪೀಡ್ ಅಂತ ತೀರ್ಮಾನ ಮಾಡಿಕೊಂಡೇ ಅಂಗಡಿಗೆ ಹೋಗಿದ್ದೆ.

ಎಸ್‌ಪಿ ರೋಡ್ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಪೂರ್ತಿ ಹೆಸರು ಸಾದರ್ ಪತ್ರಪ್ಪ ರಸ್ತೆ, ಬೆಂಗಳೂರಿನ ಕಂಪ್ಯೂಟರ್ ಬಿಡಿಭಾಗಗಳ ಪೇಟೆ. ಟೌನ್ ಹಾಲ್, ಕೆ.ಆರ್. ಮಾರ್ಕೆಟ್ ಹತ್ತಿರ. ಗಾಡಿ ತರಬೇಡಿ, ನಿಲ್ಲಿಸಲು ಜಾಗ ಸಿಗಲ್ಲ. ಹಸಿರು ಮಾರ್ಗದ ಮೆಟ್ರೋದಲ್ಲಿ ಚಿಕ್ಕಪೇಟೆಯಲ್ಲೋ ಕೆ.ಆರ್. ಮಾರ್ಕೆಟ್‌ನಲ್ಲೋ ಇಳಿದು ನಡೆದು ಬಿಡಿ.

ಮೊದಲು ಹೋದ ದೊಡ್ಡ ಅಂಗಡಿಯಲ್ಲಿ, "ಎರಡು ಸ್ಟಿಕ್‌ನ ಕಿಟ್ ಎರಡು ತಗೊಳ್ಳಿ ಮೇಡಂ, ಒಂದೇ ಮಾಡೆಲ್ ತಾನೇ, ಎಲ್ಲಾ ಒಂದೇ" ಅಂದರು. ನಾಲ್ಕೂ ಹಾಕಿದ ಮೇಲೆ 6000 ಬರುತ್ತದಾ ಎಂದು ಕೇಳಿದೆ. "ಬರುತ್ತೆ, ಬರುತ್ತೆ" ಅಂದರು, ನನ್ನ ಕಡೆ ನೋಡದೆ. ಟೆಸ್ಟ್ ಮಾಡಿ ಕೊಡ್ತೀರಾ ಅಂದರೆ ಆನ್ ಮಾಡಿ ತೋರಿಸ್ತೀವಿ ಅಂದರು. ಆನ್ ಆಗುವುದು ಬೇರೆ, ಸ್ಥಿರವಾಗಿ ಓಡುವುದು ಬೇರೆ. ಅಲ್ಲಿಂದ ಹೊರಟೆ.

ಆಮೇಲೆ ಸಿಕ್ಕಿದ್ದು ಈ ಸಣ್ಣ ಅಂಗಡಿ. ಮೆಟ್ಟಿಲು ಹತ್ತಿ ಹೋಗಬೇಕು. ಮಾಲೀಕರು ಮತ್ತು ಒಬ್ಬ ಹುಡುಗ, ಇಬ್ಬರೇ. ಜನ ಮುಗಿಬಿದ್ದರೆ ಟೆಸ್ಟ್ ಮಾಡಲು ಪುರಸೊತ್ತು ಸಿಗಲ್ಲ, ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ, ಹಾಕುತ್ತಿಲ್ಲ. ಅದೇ ಪ್ರಶ್ನೆಯನ್ನು ಇವರಿಗೂ ಕೇಳಿದೆ.

"ನಾಲ್ಕು ಹಾಕಿದ್ರೆ ಆರು ಸಾವಿರದ ಆಸೆ ಬಿಟ್ಬಿಡಿ ಮೇಡಂ. ಬಂದ್ರೆ ನಿಮ್ಮ ಅದೃಷ್ಟ. ಬರುತ್ತೆ ಅಂತ ಹೇಳಿ ಮಾರಿದ್ರೆ ನಾಳೆ ಬಂದು ನನ್ನ ಕೊರಳಪಟ್ಟಿ ಹಿಡೀತೀರಿ."

"ಹಾಗಾದ್ರೆ ಎಷ್ಟು ಬರುತ್ತೆ ಅಣ್ಣ?"

"ಟೆಸ್ಟ್ ಹೇಳುತ್ತೆ. ನಾನು ಹೇಳಲ್ಲ."

ಆ ಒಂದು ಮಾತಿಗೆ ಅಲ್ಲೇ ಕೂತೆ.

ಅವರು ಹೇಳಿದ್ದು ಸರಿ ಎಂಬುದಕ್ಕೆ ಪ್ರೊಸೆಸರ್ ಮಾಡುವ ಎಎಂಡಿ ಕಂಪನಿಯ ಪಟ್ಟಿಯೇ ಸಾಕ್ಷಿ. ನಾನು ತೆಗೆದುಕೊಂಡ ಪ್ರೊಸೆಸರ್ ರೈಝನ್ 9 9950ಎಕ್ಸ್. ಅದರ ಅಧಿಕೃತ ಲೆಕ್ಕದಲ್ಲಿ ಎರಡು ಸ್ಟಿಕ್ ಹಾಕಿದರೆ 5600, ನಾಲ್ಕು ಹಾಕಿದರೆ 3600. ಹಿಂದಿನ ರೈಝನ್ 7000 ಸರಣಿಯ ಪ್ರೊಸೆಸರ್‌ಗಳಲ್ಲಿ ಎರಡಕ್ಕೆ 5200, ನಾಲ್ಕಕ್ಕೆ ಅದೇ 3600. ಇದರ ಮೇಲೆ ಎಷ್ಟು ಓಡಿಸಿದರೂ ಕಂಪನಿ ಲೆಕ್ಕದಲ್ಲಿ ಓವರ್‌ಕ್ಲಾಕಿಂಗ್, ಅಂದರೆ ನಿಗದಿಗಿಂತ ಜಾಸ್ತಿ ಓಡಿಸುವುದು. ಬಯಾಸ್‌ನಲ್ಲಿ (ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್) ಡಬ್ಬದ ಸ್ಪೀಡ್ ಹೊಂದಿಸುವ ಎಕ್ಸ್‌ಪೋ ಅಂತ ಒಂದು ಬಟನ್ ಒತ್ತಿದರೂ ಅದೇ. ಅಂಗಡಿಯವರು, ಯೂಟ್ಯೂಬ್‌ನವರು ಹೆಚ್ಚಿನವರು ಈ 3600 ಎಂಬ ಸಂಖ್ಯೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ನಾಲ್ಕು ಸ್ಟಿಕ್ ಕೊಳ್ಳುವವರು ಮೊದಲು ತಿಳಿದುಕೊಳ್ಳಬೇಕಾದದ್ದು ಅದನ್ನೇ.

ಯಾಕೆ ಹೀಗೆ? ಡೆಸ್ಕ್‌ಟಾಪ್ ಪ್ರೊಸೆಸರ್‌ನಲ್ಲಿ ಮೆಮೊರಿಗೆ ಎರಡು ಚಾನೆಲ್. ಬೋರ್ಡಿನಲ್ಲಿ ನಾಲ್ಕು ಸ್ಲಾಟ್ ಇದ್ದರೂ ಚಾನೆಲ್ ಎರಡೇ. ಅಂದರೆ ನಾಲ್ಕು ಸ್ಟಿಕ್ ಹಾಕಿದಾಗ ಒಂದೇ ಜೊತೆ ತಂತಿಗಳ ಮೇಲೆ ಎರಡೆರಡು ಸ್ಟಿಕ್ ನೇತುಬೀಳುತ್ತವೆ. 48 ಜಿಬಿ ಸ್ಟಿಕ್‌ನಲ್ಲಿ ಎರಡು ಬದಿಗೂ ಚಿಪ್ ಇರುವುದರಿಂದ ಭಾರ ಇನ್ನೂ ಜಾಸ್ತಿ. ಕಳಿಸಿದ ಸಿಗ್ನಲ್ ಅಲ್ಲಿ ಇಲ್ಲಿ ಬಡಿದು ವಾಪಸ್ ಬರುತ್ತದೆ. ಖಾಲಿ ಕಲ್ಯಾಣ ಮಂಟಪದಲ್ಲಿ ಮೈಕ್ ಹಿಡಿದು ಮಾತಾಡಿದ ಹಾಗೆ: ಬೇಗ ಬೇಗ ಮಾತಾಡಿದರೆ ಒಂದು ಮಾತಿನ ಪ್ರತಿಧ್ವನಿ ಮುಂದಿನ ಮಾತನ್ನು ನುಂಗುತ್ತದೆ, ನಿಧಾನಕ್ಕೆ ಆಡಿದರೆ ಎಲ್ಲರಿಗೂ ಕೇಳುತ್ತದೆ. ಬೋರ್ಡ್ ಎಷ್ಟೇ ದುಬಾರಿಯಾಗಿದ್ದರೂ ಈ ತೊಂದರೆ ಪೂರ್ತಿ ಹೋಗುವುದಿಲ್ಲ.

ಇನ್ನು ಕಿಟ್. ನಾಲ್ಕೂ ಒಂದೇ ಡಬ್ಬದಲ್ಲಿ ಬರುವ 192 ಜಿಬಿ ಕಿಟ್ ಕೇಳಿದೆ. ಎರಡೆರಡರ ಎರಡು ಡಬ್ಬ ಬೇಡ ಎಂದದ್ದಕ್ಕೆ ಕಾರಣ ಇದೆ. ಒಂದೇ ಮಾಡೆಲ್ ನಂಬರ್ ಇದ್ದರೂ ಒಳಗಿನ ಚಿಪ್ ಬೇರೆ ಬೇರೆ ಆಗಿರಬಹುದು. ಚಿಪ್ ಮಾಡುವವರು ಮುಖ್ಯವಾಗಿ ಮೂವರು: ಎಸ್‌ಕೆ ಹೈನಿಕ್ಸ್, ಸ್ಯಾಮ್ಸಂಗ್, ಮೈಕ್ರಾನ್. ಇವತ್ತಿನ ಡಬ್ಬದಲ್ಲಿ ಒಬ್ಬರದು, ಮುಂದಿನ ತಿಂಗಳ ಡಬ್ಬದಲ್ಲಿ ಇನ್ನೊಬ್ಬರದು ಇರಬಹುದು. ಅವನ್ನು ಒಂದೇ ಚಾನೆಲ್‌ಗೆ ಕಟ್ಟಿದರೆ ಎರಡಕ್ಕೂ ಒಗ್ಗುವ ಟೈಮಿಂಗ್ ಹುಡುಕುವುದೇ ಒಂದು ಕೆಲಸ. ನಾಲ್ಕರ ಕಿಟ್ ಅನ್ನು ಕಂಪನಿಯೇ ಒಟ್ಟಿಗೆ ಪರೀಕ್ಷಿಸಿ ಪ್ಯಾಕ್ ಮಾಡಿರುತ್ತದೆ.

ಬೆಲೆ ಬರೆಯುತ್ತಿಲ್ಲ, ಈ ವಾರ ಬರೆದದ್ದು ಮುಂದಿನ ವಾರ ಸುಳ್ಳಾಗುತ್ತದೆ. 2025ರ ಕೊನೆಯಲ್ಲಿ ಎಐ ಡೇಟಾ ಸೆಂಟರ್‌ಗಳು ಮೆಮೊರಿಯನ್ನೆಲ್ಲ ಬಾಚಿಕೊಳ್ಳಲು ಶುರು ಮಾಡಿದ ಮೇಲೆ ಬೆಲೆ ಗಗನಕ್ಕೇರಿತು. ಅದೇ ಡಿಸೆಂಬರ್‌ನಲ್ಲಿ ಮೈಕ್ರಾನ್ ಕಂಪನಿ ತನ್ನ ಕ್ರೂಶಿಯಲ್ ಬ್ರ್ಯಾಂಡಿನ ಗ್ರಾಹಕ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಹೇಳಿತು. ಈಗ ಎರಡು, ಮುಂದಿನ ವರ್ಷ ಎರಡು ಅಂತ ಲೆಕ್ಕ ಹಾಕಿಕೊಂಡಿದ್ದರೆ ಬಿಟ್ಟುಬಿಡಿ. ಮುಂದಿನ ವರ್ಷ ಅದೇ ಸ್ಟಿಕ್ ಸಿಗುತ್ತದೆ ಎಂಬ ಗ್ಯಾರಂಟಿ ಇಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನಿಮಗೆ 128 ಜಿಬಿ ಸಾಕು ಅಂತಾದರೆ ಈ ಗೋಜೇ ಬೇಡ. ಈಗ 64 ಜಿಬಿಯ ಸ್ಟಿಕ್‌ಗಳು ಬಂದಿವೆ, ಎರಡು ಹಾಕಿಸಿ. 96 ಸಾಕಾದರೆ 48ರ ಎರಡು. ಎರಡೇ ಹಾಕುವಾಗ ಸಾಮಾನ್ಯವಾಗಿ ಪ್ರೊಸೆಸರ್‌ನಿಂದ ಎಣಿಸಿದರೆ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್. ಸ್ಪೀಡ್ ಸಿಗುತ್ತದೆ, ತಲೆನೋವೂ ಕಡಿಮೆ. ನನ್ನ ಕೆಲಸಕ್ಕೆ 128 ಸಾಲದು, ಹಾಗಾಗಿ ನಾಲ್ಕಕ್ಕೆ ಹೋದೆ.

ಜೋಡಿಸುವಾಗ ಆ ಹುಡುಗ ಕೆಲಸ ಮಾಡಿದ ರೀತಿ ನೋಡಬೇಕಿತ್ತು. ಪ್ರತಿ ಸ್ಲಾಟ್‌ಗೂ ಟಾರ್ಚ್ ಹಿಡಿದು ನೋಡಿದ. ಮೆತ್ತನೆ ಬ್ರಶ್‌ನಿಂದ ಧೂಳು ತೆಗೆದ. ಸ್ಟಿಕ್ ಹಿಡಿದದ್ದು ಅಂಚಿನಲ್ಲಿ ಮಾತ್ರ, ಚಿನ್ನದ ಬಣ್ಣದ ಹಲ್ಲುಗಳಿಗೆ ಬೆರಳು ತಾಗಿಸಲಿಲ್ಲ. ಕೆಲವು ಬೋರ್ಡ್‌ಗಳಲ್ಲಿ ಒಂದೇ ಕಡೆ ಕ್ಲಿಪ್ ಇರುತ್ತದೆ. ಇನ್ನೊಂದು ಕಡೆ ಸರಿಯಾಗಿ ಕೂತಿದೆಯಾ ಎಂಬುದು ಕಣ್ಣಿಗೆ ಗೊತ್ತಾಗಲ್ಲ. ಅವನು ಎರಡೂ ತುದಿಗೆ ಹೆಬ್ಬೆರಳು ಇಟ್ಟು ಒತ್ತಿದ, ಆಮೇಲೆ ನಾಲ್ಕೂ ಒಂದೇ ಎತ್ತರಕ್ಕಿವೆಯಾ ಎಂದು ಕಣ್ಣನ್ನು ಬೋರ್ಡಿನ ಮಟ್ಟಕ್ಕೆ ಇಳಿಸಿ ನೋಡಿದ. ಅದಕ್ಕೂ ಮೊದಲು ಪೆನ್‌ಡ್ರೈವ್‌ನಿಂದ ಹೊಸ ಬಯಾಸ್ ಹಾಕಿದ್ದ. ಇದು ಮುಖ್ಯ. ಈ 24, 48 ಜಿಬಿ ಸ್ಟಿಕ್‌ಗಳು 2023ರಲ್ಲಿ ಬಂದಾಗ ಎಎಂ5 ಬೋರ್ಡ್‌ಗಳು (ಈ ರೈಝನ್‌ಗಳು ಕೂರುವ ಬೋರ್ಡ್) ಅವನ್ನು ಗುರುತಿಸಲು ಹೊಸ ಬಯಾಸ್ ಬೇಕಾಗಿತ್ತು. ಆಮೇಲೂ ನಾಲ್ಕು ಸ್ಟಿಕ್‌ನ ವಿಷಯದಲ್ಲಿ ಬಯಾಸ್ ಅಪ್‌ಡೇಟ್‌ಗಳಿಂದ ಸುಧಾರಣೆ ಬರುತ್ತಲೇ ಇದೆ.

ಮೊದಲ ಸಲ ಆನ್ ಮಾಡಿದಾಗ ಪರದೆ ಕಪ್ಪು. ಬೋರ್ಡಿನ ಮೂಲೆಯಲ್ಲಿ ಮೆಮೊರಿಯ ಪುಟ್ಟ ದೀಪ ಮಾತ್ರ ಉರಿಯುತ್ತಿತ್ತು. ನಿಮಿಷಗಳು ಕಳೆದರೂ ಹಾಗೇ.

"ಅಕ್ಕಾ, ಆಫ್ ಮಾಡ್ಬೇಡಿ, ಟ್ರೇನಿಂಗ್ ಆಗ್ತಾ ಇದೆ" ಅಂದ ಹುಡುಗ.

ಈ ಸ್ಟಿಕ್‌ಗಳು ಡಿಡಿಆರ್5 ತಲೆಮಾರಿನವು. ಡಿಡಿಆರ್5ನಲ್ಲಿ ಪ್ರೊಸೆಸರ್ ಮೊದಲ ಸಲ ಎದ್ದಾಗ ಪ್ರತಿ ಸ್ಟಿಕ್‌ಗೂ ಸಿಗ್ನಲ್ ಕಳಿಸಿ ನೋಡಿ, ಯಾವ ಗಳಿಗೆಗೆ ಓದಬೇಕು, ಯಾವ ಗಳಿಗೆಗೆ ಬರೆಯಬೇಕು ಎಂದು ಹೊಂದಿಸಿಕೊಳ್ಳುತ್ತದೆ. ಮೆಮೊರಿ ಜಾಸ್ತಿ ಇದ್ದಷ್ಟೂ ಹೊತ್ತು ಜಾಸ್ತಿ. ಸ್ಪೀಡ್ ಬದಲಿಸಿದಾಗಲೆಲ್ಲ ಮತ್ತೆ ಮೊದಲಿನಿಂದ. ಕೆಟ್ಟುಹೋಗಿದೆ ಅಂದುಕೊಂಡು ಮಧ್ಯದಲ್ಲೇ ಸ್ವಿಚ್ ಆರಿಸುವವರು ಬಹಳ ಜನ. ಕಾಯಿರಿ. ಕರೆಂಟ್ ಹೋಗುವ ಏರಿಯಾದಲ್ಲಿದ್ದರೆ ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ.

6000ದಲ್ಲಿ ಸಿಸ್ಟಂ ಏಳಲೇ ಇಲ್ಲ. ಟ್ರೇನಿಂಗ್ ಮಾಡಿ ಮಾಡಿ ಕೊನೆಗೆ ತಾನೇ ಹಿಂದಿನ ಸೆಟ್ಟಿಂಗ್‌ಗೆ ಮರಳಿತು. 5600ರಲ್ಲಿ ಎದ್ದಿತು. ವಿಂಡೋಸ್ ಹಾಕಿದ್ದರೆ ಅದೂ ಚೆನ್ನಾಗಿಯೇ ತೆರೆದುಕೊಳ್ಳುತ್ತಿತ್ತು, ನಾನು ಖುಷಿಯಾಗಿ ಮನೆಗೂ ಹೋಗುತ್ತಿದ್ದೆ. ಆದರೆ ಅಂಗಡಿಯವರು ವಿಂಡೋಸ್ ಹಾಕಲು ಬಿಡಲಿಲ್ಲ. ಮೆಮೊರಿ ಗಟ್ಟಿ ಆಗುವ ತನಕ ಡಿಸ್ಕನ್ನೇ ಜೋಡಿಸಬಾರದು, ತಪ್ಪು ಡೇಟಾ ಡಿಸ್ಕಿಗೆ ಬರೆದುಬಿಟ್ಟರೆ ಆಮೇಲೆ ಸ್ಪೀಡ್ ಇಳಿಸಿದರೂ ಆ ಫೈಲ್ ಸರಿ ಹೋಗಲ್ಲ ಎಂಬುದು ಅವರ ನಿಯಮ. ಒಪ್ಪಬೇಕಾದ ನಿಯಮ. ಪೆನ್‌ಡ್ರೈವ್‌ನಿಂದಲೇ ಮೆಮ್‌ಟೆಸ್ಟ್86+ ಶುರು ಮಾಡಿದರು. ಇದು ಮೆಮೊರಿ ಪರೀಕ್ಷಿಸುವ ಉಚಿತ ಸಾಫ್ಟ್‌ವೇರ್, 2022ರಲ್ಲಿ ಬಂದ 6ನೇ ಆವೃತ್ತಿಯಿಂದ ಡಿಡಿಆರ್5 ಗೊತ್ತು. 192 ಜಿಬಿಯನ್ನು ಒಂದು ಸುತ್ತು ಮುಗಿಸಲು ಗಂಟೆಗಟ್ಟಲೆ ಬೇಕು.

ಸಂಜೆ ಹೊತ್ತಿಗೆ ನೀಲಿ ಪರದೆಯ ಮೇಲೆ ಒಂದು ಕೆಂಪು ಸಾಲು ಬಂತು. ನಾನು ಹತ್ತಿರ ಹೋಗಿ ನೋಡಿದೆ. ಎಡಕ್ಕೆ ಮೆಮೊರಿಯ ವಿಳಾಸ. ಪಕ್ಕದಲ್ಲಿ ಬರೆದ ಸಂಖ್ಯೆ, ಅದರ ಪಕ್ಕ ಓದಿದ ಸಂಖ್ಯೆ. ಎರಡೂ ಉದ್ದುದ್ದ, ಮೊದಲ ನೋಟಕ್ಕೆ ಒಂದೇ ಥರ. ಬೆರಳಿಟ್ಟು ಒಂದೊಂದೇ ಅಕ್ಷರ ಹೋಲಿಸಿದಾಗ ನಡುವೆ ಒಂದು ಕಡೆ, ಒಂದೇ ಒಂದು ಕಡೆ ವ್ಯತ್ಯಾಸ ಸಿಕ್ಕಿತು. ಕೋಟಿಗಟ್ಟಲೆ ಸಂಖ್ಯೆಗಳಲ್ಲಿ ಒಂದು. ನನ್ನ ಕ್ವಾರಿಯ ನಕ್ಷೆಯಲ್ಲಿ ಅದು ಎಲ್ಲಿ ಬಂದು ಕೂರುತ್ತಿತ್ತೋ ದೇವರಿಗೇ ಗೊತ್ತು. ಕೆಂಪು ಸಾಲು ಒಂದು ಬಂದರೂ ಆ ಸ್ಪೀಡ್ ಫೇಲ್. "ಒಂದೇ ತಾನೇ" ಅನ್ನುವ ಮಾತು ಮೆಮೊರಿಯಲ್ಲಿ ನಡೆಯಲ್ಲ.

ಡಿಡಿಆರ್5ನಲ್ಲಿ ಚಿಪ್ ಒಳಗೇ ಇಸಿಸಿ (ತಪ್ಪು ಬಿಟ್ ತಾನೇ ತಿದ್ದುವ ವ್ಯವಸ್ಥೆ) ಇದೆಯಲ್ಲಾ, ಅದು ಸರಿಪಡಿಸಲ್ವಾ ಎಂದು ಕೆಲವರು ಕೇಳುತ್ತಾರೆ. ಅದು ಚಿಪ್ ಒಳಗಿನ ತಪ್ಪಿಗೆ ಮಾತ್ರ. ಚಿಪ್‌ನಿಂದ ಪ್ರೊಸೆಸರ್ ತನಕದ ದಾರಿಯಲ್ಲಿ ಆಗುವ ತಪ್ಪನ್ನು ಅದು ಹಿಡಿಯುವುದಿಲ್ಲ, ಮತ್ತು ಜಾಸ್ತಿ ಸ್ಪೀಡ್‌ನಲ್ಲಿ ತಪ್ಪು ಹೆಚ್ಚಾಗಿ ಆಗುವುದು ಆ ದಾರಿಯಲ್ಲೇ. ಅದಕ್ಕೆ ನಿಜವಾದ ಇಸಿಸಿ ಸ್ಟಿಕ್ ಬೇಕು, ಬೋರ್ಡ್ ಕೂಡ ಒಪ್ಪಬೇಕು. ನನಗೆ ಅದೇ ಇಷ್ಟವಿತ್ತು. ವಿಚಾರಿಸಿದೆ ಕೂಡ, ರಸ್ತೆಯಲ್ಲಿ ಯಾರ ಹತ್ತಿರವೂ ಸ್ಟಾಕ್ ಇರಲಿಲ್ಲ.

5600ರಲ್ಲೇ ವೋಲ್ಟೇಜ್ ಏರಿಸಿ ನೋಡಬಹುದಿತ್ತು. ಅಂಗಡಿಯವರು ಸ್ವಲ್ಪ ಪ್ರಯತ್ನ ಮಾಡಿದರು, ಜಾಸ್ತಿ ಏರಿಸಲು ಒಪ್ಪಲಿಲ್ಲ. ಮೆಮೊರಿ ನಿಲ್ಲಲಿ ಅಂತ ಎಸ್‌ಒಸಿ ವೋಲ್ಟೇಜ್ (ಪ್ರೊಸೆಸರ್ ಒಳಗೆ ಮೆಮೊರಿ ನೋಡಿಕೊಳ್ಳುವ ಭಾಗದ್ದು) ಏರಿಸುವುದು ಹಳೆಯ ಅಭ್ಯಾಸ. 2023ರಲ್ಲಿ ಕೆಲವು ರೈಝನ್ 7000 ಪ್ರೊಸೆಸರ್‌ಗಳು ಸುಟ್ಟುಹೋದ ಮೇಲೆ ಎಎಂಡಿ ಅದಕ್ಕೆ 1.3 ವೋಲ್ಟ್ ಮಿತಿ ಹಾಕಿತು. ಆ ಮಿತಿಯ ಹತ್ತಿರ ಹೋಗುವ ಅಗತ್ಯ ನನಗಂತೂ ಕಾಣಲಿಲ್ಲ. 5200ಕ್ಕೆ ಇಳಿಸಿದೆವು. ರಾತ್ರಿ ಅಂಗಡಿ ಮುಚ್ಚುವಾಗ ಅವರು ಮೆಷಿನ್ ಆರಿಸಲಿಲ್ಲ. ಯುಪಿಎಸ್ ಮೇಲೆ ಓಡಲು ಬಿಟ್ಟು ಹೋದರು. ಬೆಳಿಗ್ಗೆ ವಾಟ್ಸಾಪ್‌ನಲ್ಲಿ ಫೋಟೋ ಬಂತು: ಪಾಸ್, ಎರರ್ ಸೊನ್ನೆ. ಅಲ್ಲಿಯವರೆಗೆ ನನ್ನಿಂದ ಅಡ್ವಾನ್ಸ್ ಬಿಟ್ಟು ಬೇರೆ ದುಡ್ಡು ತೆಗೆದುಕೊಂಡಿರಲಿಲ್ಲ. ಈ ಸೇವೆಗೆ ನಾನು ಬೆಲೆ ಕಟ್ಟಲಾರೆ.

ಅಂಗಡಿಗೆ ಐದಕ್ಕೆ ನಾಲ್ಕೂವರೆ. ಆ ಅರ್ಧ ಕಡಿಮೆ ಮಾಡಿದ್ದಕ್ಕೆ ಕಾರಣ, ಅವರ ಟೆಸ್ಟ್ ಮೆಮ್‌ಟೆಸ್ಟ್ ಹತ್ತಿರವೇ ನಿಲ್ಲುತ್ತದೆ. ಅಷ್ಟು ಸಾಲದು. ಆ ಟೆಸ್ಟ್ ಓಡುವಾಗ ಗ್ರಾಫಿಕ್ಸ್ ಕಾರ್ಡ್ ತಣ್ಣಗೆ ಕೂತಿರುತ್ತದೆ, ಪ್ರೊಸೆಸರ್‌ಗೂ ಅಷ್ಟು ಕೆಲಸ ಇರಲ್ಲ. ನಿಜವಾದ ಕೆಲಸದಲ್ಲಿ ಎರಡೂ ಕಾದು ಕೆಂಡವಾಗಿರುತ್ತವೆ. ಮೆಮೊರಿ ಬಿಸಿಯಾದಷ್ಟೂ ಅದರಲ್ಲಿ ಇಟ್ಟ ಡೇಟಾ ಬೇಗ ಸೋರುತ್ತದೆ, ಆಗಾಗ ರಿಫ್ರೆಶ್ ಮಾಡಬೇಕಾಗುತ್ತದೆ. ತಣ್ಣಗಿದ್ದಾಗ ಪಾಸಾದ ಸೆಟ್ಟಿಂಗ್ ಏಪ್ರಿಲ್ ಮಧ್ಯಾಹ್ನ ಫೇಲ್ ಆಗಬಹುದು. ಬೆಂಗಳೂರು ತಂಪು ಊರು ಎಂಬ ಧೈರ್ಯ ಈಗ ಯಾರಿಗೂ ಉಳಿದಿಲ್ಲ, ಅಲ್ವಾ?

ಹಾಗಾಗಿ ಮನೆಗೆ ತಂದ ಮೇಲೆ ವಿಂಡೋಸ್‌ನಲ್ಲಿ ಟೆಸ್ಟ್‌ಮೆಮ್5 ಎಂಬ ಇನ್ನೊಂದು ಮೆಮೊರಿ ಟೆಸ್ಟ್ ಓಡಿಸಿದೆ. ಆಮೇಲೆ ಪ್ರೊಸೆಸರ್‌ಗೂ ಮೆಮೊರಿಗೂ ಒಟ್ಟಿಗೆ ಬೆವರಿಳಿಸುವ ವೈ-ಕ್ರಂಚರ್, ಜೊತೆಗೆ ಗ್ರಾಫಿಕ್ಸ್ ಕಾರ್ಡ್‌ಗೂ ಲೋಡ್ ಕೊಟ್ಟು. ಡಿಡಿಆರ್5 ಸ್ಟಿಕ್‌ನಲ್ಲೇ ತಾಪಮಾನದ ಸೆನ್ಸರ್ ಇರುತ್ತದೆ, ಎಚ್‌ಡಬ್ಲ್ಯುಇನ್ಫೋ ಎಂಬ ಸಾಫ್ಟ್‌ವೇರ್‌ನಲ್ಲಿ ನಾಲ್ಕರದ್ದೂ ಬೇರೆ ಬೇರೆಯಾಗಿ ಕಾಣುತ್ತದೆ. ನಡುವಿನ ಎರಡು ಸ್ಟಿಕ್ ಯಾವಾಗಲೂ ಜಾಸ್ತಿ ಬಿಸಿ, ಗಾಳಿ ಆಡಲು ಸಂದಿಯೇ ಇಲ್ಲ. ಸ್ಟಿಕ್‌ಗಳ ಮೇಲೆ ಬೀಸುವ ಹಾಗೆ 120 ಎಂಎಂ ಫ್ಯಾನ್ ಒಂದನ್ನು ಕಟ್ಟಿದೆ. ಬಿಸಿ ಕಣ್ಣಿಗೆ ಕಾಣುವಷ್ಟು ಇಳಿಯಿತು. ಇಡೀ ಸಿಸ್ಟಂನಲ್ಲಿ ಅತಿ ಕಡಿಮೆ ದುಡ್ಡಿನ ಸಾಮಾನು ಅದು, ಅತಿ ಹೆಚ್ಚು ಉಪಕಾರ ಮಾಡಿದ್ದೂ ಅದೇ.

ಬಯಾಸ್‌ನಲ್ಲಿ ಮೆಮೊರಿ ಕಾಂಟೆಕ್ಸ್ಟ್ ರಿಸ್ಟೋರ್ ಎಂಬ ಆಯ್ಕೆ ಇದೆ. ಒಮ್ಮೆ ಮಾಡಿದ ಟ್ರೇನಿಂಗ್ ಅನ್ನು ನೆನಪಿಟ್ಟುಕೊಂಡು ಮುಂದಿನ ಸಲ ಬೇಗ ಆನ್ ಆಗುತ್ತದೆ. ಟೆಸ್ಟ್ ಮಾಡುವ ದಿನಗಳಲ್ಲಿ ಅದನ್ನು ಆಫ್ ಇಡಿ. ಎಲ್ಲಾ ಮುಗಿದ ಮೇಲೆ ಆನ್ ಮಾಡಿ, ಇನ್ನೊಮ್ಮೆ ಟೆಸ್ಟ್ ಮಾಡಿ. ರಾತ್ರಿಯೆಲ್ಲ ಆಫ್ ಆಗಿದ್ದು ತಣ್ಣಗೆ ಎದ್ದಾಗಲೂ, ಬಿಸಿಯಾಗಿರುವಾಗ ರೀಸ್ಟಾರ್ಟ್ ಮಾಡಿದಾಗಲೂ ಪಾಸಾಗಬೇಕು.

6000 ಬರಲಿಲ್ಲ ಎಂದು ಬೇಜಾರಾ ಅಂತ ನನ್ನ ತಮ್ಮ ಕೇಳಿದ. ಲೆಕ್ಕ ನೋಡಿ. ಕಾಗದದ ಮೇಲೆ 6000ಕ್ಕೆ ಸೆಕೆಂಡಿಗೆ 96 ಗಿಗಾಬೈಟ್, 5200ಕ್ಕೆ 83.2, 3600ಕ್ಕೆ 57.6. ನನ್ನ ಕೆಲಸದಲ್ಲಿ ಡೆಪ್ತ್ ಮ್ಯಾಪ್ ಹಂತ (ಫೋಟೋಗಳಿಂದ ದೂರ ಲೆಕ್ಕ ಹಾಕುವುದು) ಹೆಚ್ಚಾಗಿ ಗ್ರಾಫಿಕ್ಸ್ ಕಾರ್ಡ್ ಮೇಲೆ ನಡೆಯುತ್ತದೆ, ಅಲ್ಲಿ ರ‍್ಯಾಮ್ ಸ್ಪೀಡ್ ಗಮನಕ್ಕೇ ಬರಲಿಲ್ಲ. ಉಳಿದ ಹಂತಗಳಲ್ಲಿ 3600ಕ್ಕೂ 5200ಕ್ಕೂ ವ್ಯತ್ಯಾಸ ಕಾಣುತ್ತದೆ, ಆದರೆ ಹಳೆಯ 64 ಜಿಬಿ ತುಂಬಿ ಎಸ್‌ಎಸ್‌ಡಿಗೆ ಹರಿಯುತ್ತಿದ್ದ ಕಾಲದ ಮುಂದೆ ಅದು ಏನೂ ಅಲ್ಲ. ಇಡೀ ಕೆಲಸ ರ‍್ಯಾಮ್ ಒಳಗೇ ಹಿಡಿಸುವುದೇ ದೊಡ್ಡ ಲಾಭ. ಮನೆಯಲ್ಲೇ ದೊಡ್ಡ ಭಾಷಾ ಮಾಡೆಲ್ ಓಡಿಸುವವರಿಗೆ ಮಾತ್ರ ಈ ಲೆಕ್ಕ ಬೇರೆ. ಅಲ್ಲಿ ಪ್ರತಿ ಪದಕ್ಕೂ ಮಾಡೆಲ್ ಪೂರ್ತಿ ಓದಬೇಕಾಗಬಹುದು. 40 ಜಿಬಿಯ ಅಂಥ ಮಾಡೆಲ್ ಅನ್ನು ಪ್ರೊಸೆಸರ್ ಮೇಲೇ ಓಡಿಸಿದರೆ, 83.2ರಲ್ಲಿ ಸೆಕೆಂಡಿಗೆ ಉತ್ತರದ ಎರಡು ತುಣುಕು (ಒಂದು ಪದ ಅಥವಾ ಪದದ ಭಾಗ) ಬರುವುದೇ ಹೆಚ್ಚು. ನಿಮಗೆ ಅದೇ ಮುಖ್ಯ ಕೆಲಸವಾದರೆ ಎರಡು ಚಾನೆಲ್‌ನ ಬೋರ್ಡ್‌ಗೆ ದುಡ್ಡು ಸುರಿಯುವ ಮೊದಲು ಎಎಂಡಿಯದೇ ನಾಲ್ಕು ಚಾನೆಲ್‌ನ ದೊಡ್ಡ ಪ್ರೊಸೆಸರ್ ಥ್ರೆಡ್‌ರಿಪ್ಪರ್ ಕಡೆ ನೋಡಿ. ಅದಕ್ಕೆ ಬೇರೆ ಥರದ, ರಿಜಿಸ್ಟರ್ಡ್ ಸ್ಟಿಕ್ ಬೇಕು. ಖರ್ಚು ಬಹಳ ಮೇಲಕ್ಕೆ ಹೋಗುತ್ತದೆ.

ಕಿಟ್‌ಗೆ ನನ್ನ ಅಂಕ ಐದಕ್ಕೆ ನಾಲ್ಕು. ಡಬ್ಬದ ಸಂಖ್ಯೆ ಮುಟ್ಟಲಿಲ್ಲ ಎಂದು ಒಂದು ಕಳೆದಿದ್ದೇನೆ, ದುಡ್ಡು ಕೊಟ್ಟದ್ದು ಆ ಸಂಖ್ಯೆ ನೋಡಿಯೇ ಅಲ್ವಾ. ಮಾರುವ ಕಂಪನಿಗಳು ನಾಲ್ಕರ ಕಿಟ್‌ನ ಡಬ್ಬದ ಮೇಲೆ ಯಾವ ಬೋರ್ಡ್, ಯಾವ ಪ್ರೊಸೆಸರ್‌ನಲ್ಲಿ ಈ ಸ್ಪೀಡ್ ಬಂತು ಎಂದು ದಪ್ಪ ಅಕ್ಷರದಲ್ಲಿ ಹಾಕಬೇಕು. ಅದು ಬರುವ ತನಕ ಬೋರ್ಡ್ ಕಂಪನಿಯ ವೆಬ್‌ಸೈಟಿನಲ್ಲಿ ಕ್ಯೂವಿಎಲ್ ಪಟ್ಟಿ (ಆ ಬೋರ್ಡಿನಲ್ಲಿ ಪರೀಕ್ಷಿಸಿ ನೋಡಿದ ಮೆಮೊರಿಗಳ ಪಟ್ಟಿ) ತೆಗೆದು, ನಿಮ್ಮ ಕಿಟ್ ಹೆಸರಿನ ಎದುರು ನಾಲ್ಕು ಸ್ಟಿಕ್‌ನ ಕಾಲಂನಲ್ಲಿ ಗುರುತು ಇದೆಯಾ ನೋಡಿ. ಎರಡರ ಕಾಲಂನಲ್ಲಿ ಮಾತ್ರ ಇದ್ದರೆ ಉಪಯೋಗ ಇಲ್ಲ.

ಬಿಲ್ ಮಾಡಿಸುವಾಗ ನಾಲ್ಕೂ ಸ್ಟಿಕ್‌ನ ಸೀರಿಯಲ್ ನಂಬರ್ ಅದರಲ್ಲಿ ಬರೆಸಿಕೊಳ್ಳಿ, ಡಬ್ಬ ಎಸೆಯಬೇಡಿ. ಒಂದು ಕೆಟ್ಟರೂ ಸಾಮಾನ್ಯವಾಗಿ ಪೂರ್ತಿ ಕಿಟ್ ಕೇಳುತ್ತಾರೆ. ವಾರಂಟಿಗೆ ಯಾರು ಓಡಾಡಬೇಕು, ಅಂಗಡಿಯವರಾ ನೀವಾ ಎಂಬುದನ್ನು ದುಡ್ಡು ಕೊಡುವ ಮೊದಲೇ ಕೇಳಿ. ಈ ಅಂಗಡಿಯವರು ಮೊದಲ ವರ್ಷ ತಾವೇ ಸರ್ವಿಸ್ ಸೆಂಟರ್‌ಗೆ ಕೊಟ್ಟು ತರುತ್ತೇವೆ ಎಂದು ಬಿಲ್‌ನ ಹಿಂದೆ ಬರೆದು ಸೀಲ್ ಹಾಕಿ ಕೊಟ್ಟಿದ್ದಾರೆ.